ಹದಿನೈದು ನಿಮಿಷ, ಹೆಚ್ಚುಕಮ್ಮಿ

ಆಫೀಸಿನಲ್ಲಿ ಅವಳಿಗೆ ಚೀಟಿಯಮ್ಮ ಎಂದೇ ಹೆಸರು. ಆಫೀಸು ಅಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಚಪ್ಪಲಿ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ, ಒಂಬತ್ತನೆಯದು ಅಲ್ಲಾಡುವ ಮರದ ಮೆಟ್ಟಿಲುಗಳು, ಎರಡು ಮೇಜು, ಎರಡು ಫೋನು, ಗೋಡೆಗೊಂದು ಗಡಿಯಾರ. ಒಂದು ಮೇಜು ಆಫೀಸಿನ ಯಜಮಾನರದು, ಇನ್ನೊಂದು ಅವಳದು. ಕೆಲಸ ಅನುವಾದ. ಇಂಗ್ಲಿಷಿನಲ್ಲಿ ಬಂದದ್ದನ್ನು ಇಟಾಲಿಯನ್ನಿಗೆ ತಿರುಗಿಸಿ ಕೊಡುವುದು. ಕತೆ ಕಾದಂಬರಿ ಅಲ್ಲ. ಹೊಸ ಮೆಷಿನ್ನಿನ ಪೆಟ್ಟಿಗೆ ಬಿಚ್ಚಿದಾಗ ಥರ್ಮಕೋಲಿನ ಸಂದಿಯಿಂದ ಮಡಿಸಿದ ಕಾಗದವೊಂದು ಬೀಳುತ್ತದಲ್ಲ, ಅದು. ಜನ ಓದದೆ ಡ್ರಾಯರಿಗೆ ತಳ್ಳುವ ಆ ಕಾಗದವನ್ನು ಇಪ್ಪತ್ತಮೂರು ವರ್ಷಗಳಿಂದ ಅವಳು ಪರೀಕ್ಷೆಗೆ ಕೂತವಳ ಹಾಗೆ ಬೆವರಿಕೊಂಡು ಬರೆಯುತ್ತಿದ್ದಳು.

ಬೆವರುವುದಕ್ಕೆ ಕಾರಣ ಭಯ. ಕೆಲವರಿಗೆ ಹಾವು ಕಂಡರೆ ಭಯ, ಕೆಲವರಿಗೆ ಕತ್ತಲೆ, ಅವಳಿಗೆ ಅಂದಾಜು. ‘ಸುಮಾರು’, ‘ಹತ್ತಿರ ಹತ್ತಿರ’, ‘ಒಂದು ಹತ್ತು ಹನ್ನೆರಡು’ ಇಂಥ ಮಾತು ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಇದು ಹುಟ್ಟಿನಿಂದ ಬಂದದ್ದಲ್ಲ. ಅವಳು ಒಂಬತ್ತು ವರ್ಷದವಳಿದ್ದಾಗ ಅಮ್ಮ ಹೊರಗೆ ಹೊರಟವಳು, ತಂಗಿಗೆ ಕೆಮ್ಮು ಜಾಸ್ತಿಯಾದರೆ ಸೀಸೆಯಲ್ಲಿರುವ ಔಷಧಿ ಎರಡು ಚಮಚ, ಹೆಚ್ಚುಕಮ್ಮಿ, ಕುಡಿಸು ಎಂದು ಹೇಳಿ ಬಾಗಿಲು ಎಳೆದುಕೊಂಡು ಹೋದಳು. ತಂಗಿಗೆ ಆಗ ಮೂರು ವರ್ಷ. ಕೆಮ್ಮು ಜೋರಾಯಿತು. ಎರಡು ಚಮಚ ಕುಡಿಸಿದಳು, ನಿಲ್ಲಲಿಲ್ಲ. ಹೆಚ್ಚುಕಮ್ಮಿ ಅಂದಿದ್ದಾಳಲ್ಲ ಎಂದು ಇನ್ನೆರಡು ಕುಡಿಸಿದಳು. ಮಲಗಿದ ತಂಗಿ ಮರುದಿನ ಮಧ್ಯಾಹ್ನದವರೆಗೆ ಕಣ್ಣು ಬಿಡಲಿಲ್ಲ. ಡಾಕ್ಟರು ಬಂದು ಎಷ್ಟು ಕುಡಿಸಿದೆ ಮಗೂ ಎಂದು ಕೇಳಿದಾಗ ಅವಳು ನಾಲ್ಕು ಬೆರಳು ಎತ್ತಿ ತೋರಿಸಿದಳು. ಕೊನೆಗೆ ತಂಗಿ ಎದ್ದು ಬಿಸ್ಕತ್ತು ಕೇಳಿದಳು. ಮನೆಯವರೆಲ್ಲ ನಕ್ಕು ಮರೆತರು. ಅಕ್ಕ ಮರೆಯಲಿಲ್ಲ.

ದೇವರ ತಮಾಷೆ ನೋಡಿ, ಅಂಥವಳಿಗೆ ಗಂಡನಾಗಿ ಸಿಕ್ಕಿದ್ದು ಬಸ್ ಡ್ರೈವರ್. ‘ಬಂದೆ, ಐದು ನಿಮಿಷ’ ಎಂದರೆ ಒಂದು ಗಂಟೆ ಎಂದು ತಿಳಿಯಬೇಕು. ಮೊದಲ ವರ್ಷ ಅವಳು ಕಿಟಕಿಯಲ್ಲಿ ನಿಂತು ಅತ್ತದ್ದೂ ಉಂಟು. ಆಮೇಲೆ ಒಂದು ಒಪ್ಪಂದವಾಯಿತು: ಅವನು ಹೊತ್ತು ಹೇಳುವುದೇ ಬೇಡ, ಬಂದಾಗ ಬಂದರಾಯಿತು. ಆ ಒಪ್ಪಂದದ ಮೇಲೆ ಸಂಸಾರ ಚೆನ್ನಾಗಿಯೇ ನಡೆದಿತ್ತು.

ಅವಳ ಭಯವನ್ನು ಕೆಲಸಕ್ಕೆ ಹಚ್ಚಿದವರು ಯಜಮಾನರು. ಸೇರಿದ ವಾರವೇ ಅವರು ಒಂದು ಹಳದಿ ಚೀಟಿಗಳ ಕಟ್ಟನ್ನು ಅವಳ ಮುಂದಿಟ್ಟು, ಅಂದಾಜಿನ ಮಾತು ಕಂಡ ಕೂಡಲೇ ಪೆನ್ನು ಎತ್ತಿಡು ಎಂದಿದ್ದರು. ಪ್ರತಿ ಅಂದಾಜೂ ಒಂದು ಕಡೆಗೆ ವಾಲಿರುತ್ತದೆ. ಉಪ್ಪು ‘ಸುಮಾರು ಒಂದು ಚಮಚ’ ಅಂದರೆ ಕಡಿಮೆಯಾದರೆ ಪರವಾಗಿಲ್ಲ. ಬ್ರೇಕಿನ ಎಣ್ಣೆ ‘ಸುಮಾರು ಒಂದು ಲೀಟರ್’ ಅಂದರೆ ಕಡಿಮೆಯಾಗಕೂಡದು. ಬರೆದವನಿಗೆ ಯಾವ ಕಡೆ ಎಂದು ಗೊತ್ತಿರುತ್ತದೆ, ಕಾಗದಕ್ಕೆ ಗೊತ್ತಿರುವುದಿಲ್ಲ. ಆದ್ದರಿಂದ ಚೀಟಿಯಲ್ಲಿ ಪ್ರಶ್ನೆ ಬರೆದು ಆ ಸಾಲಿನ ಪಕ್ಕ ಅಂಟಿಸಿ ಕಂಪನಿಗೆ ಕಳಿಸಬೇಕು, ಉತ್ತರ ಬಂದ ಮೇಲೆಯೇ ಅನುವಾದ ಮಾಡಬೇಕು. ಇದು ಆ ಆಫೀಸಿನ ಕ್ರಮ. ಬೇರೆ ಆಫೀಸಿನವರು ಇದನ್ನು ಕೇಳಿ ಮೂಗು ಮುರಿಯುತ್ತಿದ್ದರು. ಚೀಟಿಯಮ್ಮನಿಗೆ ಮಾತ್ರ ಹೋದ ಜೀವ ಬಂದಂತಾಗಿತ್ತು. ಅಂದಾಜಿಗೆ ಹೆದರುವುದು ಒಂದು ಗುಣವೆಂದು ಹೇಳಿದ ಮೊದಲ ಮನುಷ್ಯ ಅವರು.

ಆದರೆ ಗುಣವೂ ಅತಿಯಾದರೆ ಜನರಿಗೆ ಬೇಸರ. ಕಳೆದ ಚಳಿಗಾಲದಲ್ಲಿ ಒಂದು ಕಂಪನಿಯಿಂದ ಕಾಗದಗಳು ಬಂದವು. ಡಾಕ್ಟರುಗಳು ಚಿಮಟ, ಕತ್ತರಿ, ಸೂಜಿ ಎಲ್ಲವನ್ನೂ ಹಬೆಯಲ್ಲಿಟ್ಟು ಶುದ್ಧ ಮಾಡುವ ಸ್ಟೆರಿಲೈಸರ್ ತಯಾರಿಸುವ ಕಂಪನಿ ಅದು. ನಮ್ಮ ಮನೆಯ ಕುಕ್ಕರಿನ ದೊಡ್ಡಪ್ಪನಂಥ ಮೆಷಿನ್ನು. ಮುಚ್ಚಳಕ್ಕೆ ಕೈಯಿಂದ ತಿರುಗಿಸುವ ಒಂದು ಚಕ್ರ. ಮೊದಲ ಪುಸ್ತಕಕ್ಕೇ ಅವಳು ಮೂವತ್ತೊಂದು ಚೀಟಿ ಅಂಟಿಸಿದಳು. ಕಂಪನಿಯ ಮ್ಯಾನೇಜರು ಫೋನು ಮಾಡಿ, ನಿಮ್ಮ ಹೆಂಗಸಿಗೆ ಉತ್ತರ ಬರೆಯುವುದಕ್ಕೇ ನಮ್ಮ ಇಂಜಿನಿಯರನ್ನು ಇಟ್ಟುಕೊಂಡಿದ್ದೇವೆಯೇ, ಇದ್ದದ್ದನ್ನು ಇದ್ದ ಹಾಗೆ ತಿರುಗಿಸಿ ಕೊಡಿ, ಇಲ್ಲದಿದ್ದರೆ ಬೇರೆಯವರು ಇದ್ದಾರೆ ಎಂದು ಯಜಮಾನರಿಗೆ ದಬಾಯಿಸಿದರು. ಯಜಮಾನರು ಫೋನಿಟ್ಟು, ಈ ಸಲ ಚೀಟಿ ಸ್ವಲ್ಪ ಕಡಿಮೆ ಮಾಡಮ್ಮ ಎಂದರು. ಎಷ್ಟು ಕಡಿಮೆ ಎಂದು ಹೇಳಲಿಲ್ಲ.

ಉಳಿದಿದ್ದು ಒಂದೇ ಹಾಳೆ. ಮೆಷಿನ್ನಿನ ಹತ್ತಿರ ಗೋಡೆಗೆ ಅಂಟಿಸುವುದಕ್ಕೆ, ದಪ್ಪ ಅಕ್ಷರದ ಏಳು ಸಾಲು. ಇಂಜಿನಿಯರು ಮಾತಾಡುವ ಹಾಗೆಯೇ ಬರೆಯುವ ಮನುಷ್ಯ. ಐದನೆಯ ಸಾಲಿನಲ್ಲಿ, ಮೆಷಿನ್ ಆರಿಸಿದ ಮೇಲೆ ಮುಚ್ಚಳ ತೆಗೆಯುವ ಮುನ್ನ ಹದಿನೈದು ನಿಮಿಷ ಕಾಯಿರಿ, ‘ಗಿವ್ ಆರ್ ಟೇಕ್’ ಎಂದು ಬರೆದಿದ್ದ. ಹದಿನೈದಕ್ಕೆ ಎರಡು ಕೊಟ್ಟರೂ ಸರಿ, ಎರಡು ತೆಗೆದರೂ ಸರಿ ಎಂಬ ಧಾಟಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಚೀಟಿಯಮ್ಮ ಅಭ್ಯಾಸಬಲದಿಂದ ಹಳದಿ ಚೀಟಿ ಹರಿದು, ‘ಕಡಿಮೆಯಾದರೆ ಅಪಾಯವೇ?’ ಎಂದು ಬರೆದು ಅಂಟಿಸಿದಳು. ಆಮೇಲೆ ಮ್ಯಾನೇಜರ ಮಾತು ನೆನಪಾಯಿತು. ಚೀಟಿಯನ್ನು ಕಿತ್ತು ನಿಘಂಟಿನೊಳಗೆ ಇಟ್ಟಳು.

ಆಗ ಆದ ತಪ್ಪು ಇಷ್ಟೇ ಆಗಿದ್ದರೆ ಅವಳು ತನ್ನನ್ನು ಕ್ಷಮಿಸಿಕೊಳ್ಳುತ್ತಿದ್ದಳೋ ಏನೋ. ಆ ಸಾಲಿಗೆ ಇಟಾಲಿಯನ್ನಿನಲ್ಲಿ ನಾಲ್ಕು ದಾರಿಗಳಿದ್ದವು. ‘ಚಿರ್ಕಾ’, ಅಂದರೆ ಸುಮಾರು, ಎಂದು ಬರೆದರೆ ಸರ್ಕಾರಿ ಕಾಗದದ ವಾಸನೆ. ‘ಪಿಯೂ ಒ ಮೇನೊ’, ಅಂದರೆ ಹೆಚ್ಚುಕಮ್ಮಿ, ಎಂದು ಬರೆದರೆ ಬೀದಿಯಲ್ಲಿ ನಿಂತು ಮಾತಾಡಿದಂತೆ. ನಿಮಿಷ ಹೆಚ್ಚು, ನಿಮಿಷ ಕಡಿಮೆ ಎಂದು ಬಿಡಿಸಿ ಹೇಳುವುದು ಉದ್ದವಾಯಿತು. ನಾಲ್ಕನೆಯದು ಅಮ್ಮನ ಮಾತು. ಇಟಾಲಿಯನ್ ಅವಳಿಗೆ ಅಮ್ಮನ ಮಡಿಲಲ್ಲಿ ಬಂದ ಭಾಷೆ. ಅಮ್ಮ ಒಲೆಯ ಮುಂದೆ ನಿಂತು ‘ಉನಾ ಕ್ವಿಂದಿಚಿನಾ’ ಎನ್ನುತ್ತಿದ್ದಳು, ಹದಿನೈದರ ಒಂದು ಗೊಂಚಲು ಎಂಬಂತೆ, ಹದಿನೈದರ ಆಚೀಚೆ. ನಾಲಿಗೆಗೆ ಎಷ್ಟು ಹಿತ. ಆ ದರಿದ್ರ ಹಾಳೆಯಲ್ಲಿ ಅದನ್ನು ಕೂರಿಸಿದ ಕೂಡಲೇ ಸಾಲು ಮನೆಯವರ ಮಾತಿನಂತಾಯಿತು. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಚೀಟಿಯಮ್ಮ ತನ್ನ ಅನುವಾದ ಓದಿಕೊಂಡು ಮುಗುಳ್ನಕ್ಕಳು. ಚೆಂದವಾಯಿತು ಎಂಬ ಖುಷಿಯಲ್ಲಿ, ಯಾವ ಕಡೆ ವಾಲುತ್ತದೆ ಎಂದು ಕೇಳುವುದನ್ನೇ ಬಿಟ್ಟಳು. ಹಾಳೆ ಹೋಯಿತು.

ನಾಲ್ಕು ತಿಂಗಳು ಕಳೆದವು. ಒಂದು ಮಂಗಳವಾರ ಬೆಳಿಗ್ಗೆ ತಂಗಿಯ ಫೋನು ಬಂತು. ತಂಗಿ ಮದುವೆಯಾಗಿ ಇಟಾಲಿಯನ್ ಮಾತಾಡುವ ಊರಿಗೆ ಹೋಗಿ, ಅಲ್ಲಿಯ ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿದ್ದಳು. ಮೂಗಿನ ತುದಿಯಲ್ಲಿ ನಗು ಇಟ್ಟುಕೊಂಡೇ ಹುಟ್ಟಿದವಳು. ಕೆಲಸದ ಹೊತ್ತಿನಲ್ಲಿ ಫೋನು ಮಾಡಿದವಳೇ ಅಲ್ಲ. ಇವತ್ತು ಹೇಗೆ ಎಂದು ಅಕ್ಕ ಕೇಳಿದರೆ, ಸ್ವಲ್ಪ ಪುರುಸೊತ್ತು ಸಿಕ್ಕಿತು ಎಂದಳು. ಮಗನ ಶಾಲೆ, ಅತ್ತೆಯ ಮೊಣಕಾಲು, ಹೊಸ ಪರದೆ, ಎಲ್ಲ ಮಾತಾಯಿತು. ಆಮೇಲೆ ನಗುತ್ತ ಹೇಳಿದಳು: “ಅಕ್ಕಾ, ಒಂದು ವಿಷಯ ಗೊತ್ತಾ? ನಮ್ಮಲ್ಲಿ ಹೊಸ ಮೆಷಿನ್ ಬಂದಿದೆ. ಗೋಡೆ ಮೇಲೆ ಹಾಳೆ ಅಂಟಿಸಿದ್ದಾರೆ, ಥೇಟ್ ಅಮ್ಮ ಮಾತಾಡಿದ ಹಾಗೇ ಇದೆ. ಆರಿಸಿದ ಮೇಲೆ ಉನಾ ಕ್ವಿಂದಿಚಿನಾ ಕಾಯಬೇಕಂತೆ. ಅದಕ್ಕೇ ಕಾಯ್ತಾ ನಿಂಗೆ ಫೋನ್ ಮಾಡಿದೆ.”

ಚೀಟಿಯಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು. ಆ ಹಾಳೆ ಯಾವ ಊರಿಗೆ ಹೋಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ತೆಗೀಬೇಡ ಎನ್ನಬೇಕು. ಅದೊಂದೇ ಮಾತು. ಆದರೆ ಅದನ್ನು ಹೇಳಿದರೆ, ಬರೆದವಳು ನಾನೇ, ಕೇಳದೆ ಬರೆದೆ ಎಂದೂ ಹೇಳಬೇಕು. ಆ ಒಂದು ಕ್ಷಣ ಅವಳು ಮಾತು ಹುಡುಕಿದಳು. ಅಷ್ಟರಲ್ಲಿ ಅತ್ತ ಡಾಕ್ಟರು ಕರೆದದ್ದು ಕೇಳಿಸಿತು. “ಸಾಮಾನು ಬೇಕಂತೆ ಅಕ್ಕಾ, ಇಡ್ತೀನಿ” ಎಂದು ತಂಗಿ ಫೋನಿಟ್ಟಳು.

ಮೊಬೈಲಿನ ಮೇಲೆ ಮಾತಾಡಿದ ಹೊತ್ತು ಮೂಡಿತು. ಹನ್ನೊಂದು ನಿಮಿಷ, ನಾಲ್ಕು ಸೆಕೆಂಡು.

ಹನ್ನೊಂದು. ಮೆಷಿನ್ ಆರಿಸಿ ಎಷ್ಟು ಹೊತ್ತಿನ ಮೇಲೆ ಫೋನು ಮಾಡಿದಳೋ, ಆರಿಸಿದ ಕೂಡಲೇ ಮಾಡಿದಳೋ. ಹದಿನೈದರ ಆಚೀಚೆ ಎಂದರೆ ಹನ್ನೊಂದೂ ಆಚೀಚೆಯೇ ತಾನೇ? ಅವಳು ವಾಪಸು ಕರೆ ಮಾಡಿದಳು. ಗಂಟೆ ಬಾರಿಸಿ ನಿಂತಿತು. ಇನ್ನೊಮ್ಮೆ. ತಂಗಿ ಫೋನನ್ನು ಪರ್ಸಿನಲ್ಲಿಟ್ಟು ಪರ್ಸನ್ನು ಬೀರುವಿನಲ್ಲಿಟ್ಟು ಬೀಗ ಹಾಕುವವಳು. ಕ್ಲಿನಿಕ್ಕಿನ ನಂಬರು ಹುಡುಕಿದಳು. ಮೂರು ಸಲ ತಪ್ಪು ಒತ್ತಿದಳು. ನಾಲ್ಕನೆಯ ಸಲ ಹತ್ತಿತು. ಈಗ ರೋಗಿಗಳನ್ನು ನೋಡುತ್ತಿದ್ದೇವೆ, ದಯವಿಟ್ಟು ಮಧ್ಯಾಹ್ನ ಕರೆ ಮಾಡಿ ಎಂದು ರೆಕಾರ್ಡು ಮಾಡಿದ ಹೆಣ್ಣು ದನಿ ಹೇಳಿತು. ತಂಗಿಯದೇ ದನಿ.

ಕೂಗಿ ಗೊತ್ತಿಲ್ಲದ ಅವಳು ಅವತ್ತೂ ಕೂಗಲಿಲ್ಲ. ನಿಘಂಟು ಬಿಚ್ಚಿ ಹಳದಿ ಚೀಟಿಯನ್ನು ತೆಗೆದು ಯಜಮಾನರ ಮುಂದಿಟ್ಟು, ನಡೆದದ್ದನ್ನು ಇದ್ದ ಹಾಗೆ ಹೇಳಿದಳು. ಎಪ್ಪತ್ತು ದಾಟಿದ ಯಜಮಾನರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಚೀಟಿ ಓದಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಕಡಿಮೆ ಮಾಡು ಅಂದವನು ನಾನೇ” ಎಂದಷ್ಟೇ ಹೇಳಿ ಕಂಪನಿಯ ಇಂಜಿನಿಯರಿಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟರು.

ಇಂಜಿನಿಯರು ಒಳ್ಳೆಯ ಮನುಷ್ಯನೇ. ಚೀಟಿಯಮ್ಮ ಎಂದು ತಿಳಿದು ನಕ್ಕು, ಇನ್ನೂ ಪ್ರಶ್ನೆ ಬಾಕಿ ಇದೆಯಾ ಮೇಡಂ ಎಂದ. ಅವಳು ಕೇಳಿದಳು. ಅವನು ವಿವರಿಸಿದ: ಹದಿನೈದು ಎಂದು ಬರೆದದ್ದು ಖಾಲಿ ಮೆಷಿನ್ನಿಗೆ. ತುಂಬ ಸಾಮಾನು ಇದ್ದರೆ ಇಪ್ಪತ್ತೈದಾದರೂ ಬೇಕು. ಹದಿನೈದಕ್ಕಿಂತ ಮುಂಚೆ ಮಾತ್ರ ಯಾವ ಕಾರಣಕ್ಕೂ ಚಕ್ರ ಮುಟ್ಟಬಾರದು. ಒಳಗೆ ಹಬೆ ಉಳಿದಿದ್ದರೂ ಒತ್ತಡ ತೋರಿಸುವ ಮುಳ್ಳು ಕೆಲವು ಸಲ ಸೊನ್ನೆ ತೋರಿಸುತ್ತದೆ.

“ಗಿವ್ ಆರ್ ಟೇಕ್ ಅಂತ ಬರೆದಿದ್ರಲ್ಲ?”

“ಹೂಂ. ಹೆಚ್ಚು ಕಾದ್ರೂ ಪರವಾಗಿಲ್ಲ ಅಂತ. ಕಮ್ಮಿ ಕಾಯ್ಬಹುದು ಅಂತ ಯಾರಾದ್ರೂ ಅಂದ್ಕೊಳ್ತಾರಾ? ಇಲ್ಲಿ ಕಾರ್ಖಾನೆಯಲ್ಲಿ ಒಂದ್ಸಲ ಒಬ್ಬ ಹನ್ನೆರಡು ನಿಮಿಷಕ್ಕೆ ತೆಗೆದ. ಮುಚ್ಚಳ ಹೋಗಿ ಚಾವಣಿಗೆ ಬಡೀತು. ಅವನ ಪುಣ್ಯ, ಪಕ್ಕಕ್ಕೆ ನಿಂತಿದ್ದ.”

ಪಕ್ಕಕ್ಕೆ ನಿಂತು ಚಕ್ರ ತಿರುಗಿಸುವ ಬುದ್ಧಿ ತಂಗಿಗೆ ಎಲ್ಲಿಂದ ಬರಬೇಕು? ಅವಳು ಪಾತ್ರೆಯ ಮುಚ್ಚಳ ತೆಗೆದು ಮುಖವಿಟ್ಟು ನೋಡುವ ಜಾತಿ. ಚೀಟಿಯಮ್ಮ ಫೋನನ್ನು ಎರಡು ಕೈಯಿಂದ ಹಿಡಿದು ಮೇಜಿನ ಮೇಲಿಟ್ಟಳು. ಕುರ್ಚಿಯಲ್ಲಿ ಕೂತಳು. ಎದ್ದಳು. ಕೆಳಗೆ ಚಪ್ಪಲಿ ಅಂಗಡಿಯಲ್ಲಿ ಸುತ್ತಿಗೆ ಬಡಿಯುತ್ತಿದ್ದ ಶಬ್ದ ಒಂದೊಂದೂ ಬಂದು ಎದೆಗೆ ಬಡಿಯಿತು. ಮತ್ತೆ ಮತ್ತೆ ಕರೆ ಮಾಡಿದಳು. ಮೂರು ವರ್ಷದ ಮಗು ಬಾಯಿ ತೆರೆದು ಮಲಗಿದ್ದು ಕಣ್ಣಿಗೆ ಕಟ್ಟಿತು. ತುಟಿಯ ಅಂಚಿನಲ್ಲಿ ಔಷಧಿಯ ಕೆಂಪು ಕಲೆ. ಎರಡು ಸಲ ಒಂದೇ ಕೈಯಿಂದ, ಒಂದೇ ಮಾತಿನಿಂದ. ಇದಕ್ಕಿಂತ ತನ್ನ ಮೇಲೆಯೇ ಮುಚ್ಚಳ ಬೀಳಬಾರದಿತ್ತೇ ಎನಿಸಿತು. ಯಜಮಾನರು ನೀರು ತಂದಿಟ್ಟರು.

ಗೋಡೆಯ ಗಡಿಯಾರದಲ್ಲಿ ಐವತ್ತೆರಡು ನಿಮಿಷ ಕಳೆದ ಮೇಲೆ ಮೊಬೈಲು ಬಡಿದುಕೊಂಡಿತು. ತೆರೆಯ ಮೇಲೆ ತಂಗಿಯ ಹೆಸರು. ಆದರೆ ತಂಗಿಯ ಫೋನಿನಿಂದ ಬೇರೆ ಯಾರಾದರೂ ಮಾತಾಡಬಹುದಲ್ಲ. ಒತ್ತುವ ಮುನ್ನ ಅವಳು ಕಣ್ಣು ಮುಚ್ಚಿಕೊಂಡಳು.

“ಏನಕ್ಕಾ ಇಷ್ಟೊಂದು ಸಲ ಫೋನ್ ಮಾಡಿದ್ದೀಯ? ಭಾವ ಹುಷಾರಾಗಿದ್ದಾರೆ ತಾನೇ?”

“ಮೆಷಿನ್ ತೆಗೆದ್ಯಾ?”

“ತೆಗೆದೆ. ಈಗ ತಾನೇ.”

“ಈಗಲಾ? ಡಾಕ್ಟರು ಆಗಲೇ ಕರೆದ್ರಲ್ಲ?”

“ಕರೆದ್ರು. ಮೊದಲೇ ಶುದ್ಧ ಮಾಡಿಟ್ಟಿದ್ದ ಹಳೇ ಸಾಮಾನು ಕೊಟ್ಟೆ.” ತಂಗಿ ಮತ್ತೆ ನಕ್ಕಳು. “ಆಚೀಚೆ ಅಂತ ಬರೆದಿದ್ದನ್ನ ನಾನು ನಂಬ್ತೀನಾ? ನೀನು ನಂಗೆ ನಾಲ್ಕು ಚಮಚ ಕುಡಿಸಿದವಳಲ್ವಾ? ಆವತ್ತಿಂದ ಯಾರೇ ಸುಮಾರು ಅಂದ್ರೂ ನಾನು ಎರಡರಷ್ಟಾದ್ರೂ ಕಾಯ್ತೀನಿ.”

ಚೀಟಿಯಮ್ಮನಿಗೆ ಅಳು ಬಂತು. ತಡೆಯಲಿಲ್ಲ. ಅತ್ತುಕೊಂಡೇ, ಬರೆದವಳು ನಾನೇ ಕಣೇ ಎಂದಳು. ಜೀವಮಾನದಲ್ಲಿ ಮೊದಲ ಸಲ ತಂಗಿ ನಗಲಿಲ್ಲ. ಆಮೇಲೆ, ಹಾಳೆಯ ಮೇಲೆ ಕೆಂಪು ಪೆನ್ನಿನಿಂದ ಏನು ಬರೆಯಬೇಕು ಹೇಳು, ಈಗಲೇ ಬರೆಯುತ್ತೇನೆ ಎಂದಳು. ಅಕ್ಕ ಹೇಳಿದಳು: ಇಪ್ಪತ್ತೈದು, ಅದಕ್ಕಿಂತ ಒಂದು ನಿಮಿಷವೂ ಕಡಿಮೆ ಬೇಡ.

ಫೋನಿಟ್ಟಾಗ ಯಜಮಾನರು ಕುರ್ಚಿಗೆ ಒರಗಿ ಉಸಿರು ಬಿಟ್ಟರು. ಬದುಕಿದೆವು, ಇವತ್ತಿಗೆ ಮನೆಗೆ ಹೋಗು, ಮುಂದಿನ ಸಲ ಅಚ್ಚು ಹಾಕುವಾಗ ಆ ಸಾಲು ತಿದ್ದಿಸೋಣ ಎಂದರು. ಅವಳೂ ಕೈಚೀಲಕ್ಕೆ ಕೈ ಹಾಕಿದಳು. ಬಾಗಿಲ ತನಕ ಹೋದಳು. ಅಲ್ಲಿ ನಿಂತುಬಿಟ್ಟಳು.

“ಎಷ್ಟು ಮೆಷಿನ್ ಹೋಗಿದ್ದಾವೆ ಸಾರ್?”

ಅವಳೇ ಇಂಜಿನಿಯರಿಗೆ ಮತ್ತೆ ಫೋನು ಮಾಡಿ ಕೇಳಿದಳು. ನಲವತ್ತೆರಡು. ಈ ಸಲ ಇಂಜಿನಿಯರೂ ನಗಲಿಲ್ಲ. ಅವಳು ಹಾಳೆಯಲ್ಲಿದ್ದುದನ್ನು ಇದ್ದ ಹಾಗೆ ಓದಿ ಹೇಳಿದಾಗ ಅವನ ದನಿ ಸಣ್ಣದಾಯಿತು. ಮ್ಯಾನೇಜರಿಗೆ ಹೇಳಬೇಕಾಗುತ್ತದೆ ಎಂದ. ಹೇಳಿ, ಆದರೆ ಮೊದಲು ವಿಳಾಸ ಮತ್ತು ನಂಬರಿನ ಪಟ್ಟಿ ಕಳಿಸಿ ಎಂದಳು ಚೀಟಿಯಮ್ಮ. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ಯಜಮಾನರು ಕೇಳಿರಲಿಲ್ಲ. ಪಟ್ಟಿ ಬಂದಾಗ ಅವರು ತಮ್ಮ ಕೈಯನ್ನು ಅದರ ಮೇಲೆ ಅಡ್ಡ ಇಟ್ಟು, ನಾವೇ ಫೋನು ಮಾಡಿ ತಪ್ಪಾಯಿತು ಎಂದರೆ ಈ ಆಫೀಸಿಗೆ ಇನ್ನು ಯಾರೂ ಕೆಲಸ ಕೊಡುವುದಿಲ್ಲ, ನಿನ್ನ ಹೆಸರು ಹೋಗುತ್ತದೆ, ಕಂಪನಿಯವರು ಕಾಗದ ಬರೆದು ತಿಳಿಸಲಿ, ನಾಲ್ಕು ದಿನದ ಮಾತು ಎಂದು ಮೆಲ್ಲಗೆ ಹೇಳಿದರು. ಅವರದೂ ಭಯವೇ, ಪಾಪ.

“ಉಳಿದ ನಲವತ್ತೊಂದು ಕಡೆ ನಂಗೆ ತಂಗಿ ಇಲ್ಲ ಸಾರ್” ಎಂದಳು ಅವಳು.

ಯಜಮಾನರು ಕೈ ತೆಗೆದರು.

ಮೊದಲನೆಯ ನಂಬರು ಒಬ್ಬ ಕಣ್ಣಿನ ಡಾಕ್ಟರದು. ನಾನು ಆ ಹಾಳೆಯ ಅನುವಾದಕಿ, ಐದನೆಯ ಸಾಲು ತಪ್ಪು, ಪೆನ್ನು ತೆಗೆದುಕೊಳ್ಳಿ ಎಂದಳು. ಬರೆದುಕೊಂಡರು. ಎರಡನೆಯವರು ಇನ್ನೂ ಪೆಟ್ಟಿಗೆಯನ್ನೇ ಬಿಚ್ಚಿರಲಿಲ್ಲ. ಮೂರನೆಯವರು ನಿಮಗೆ ತಲೆ ಸರಿ ಇದೆಯಾ ಎಂದು ಬೈದರು, ಆದರೆ ಬರೆದುಕೊಂಡರು. ಐದನೆಯ ಕಡೆ ಯಾರೂ ಎತ್ತಲಿಲ್ಲ. ಅದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದಳು. ಆ ಸುತ್ತಿನ ಕಡೆಗೆ ಅವಳ ಕಣ್ಣು ಪದೇ ಪದೇ ಹೋಗುತ್ತಿತ್ತು. ಹತ್ತನೆಯ ಕರೆಯ ಹೊತ್ತಿಗೆ ಹೇಳಬೇಕಾದ್ದು ಬಾಯಿಪಾಠವಾಗಿತ್ತು, ದನಿ ಮಾತ್ರ ಒಡೆದುಹೋಗಿತ್ತು.

ಹನ್ನೊಂದನೆಯದು ಒಂದು ಚಿಕ್ಕ ಹೆರಿಗೆ ಆಸ್ಪತ್ರೆ. ವಯಸ್ಸಾದ ಹೆಂಗಸಿನ ದನಿ, ಅಮ್ಮನ ಹಾಗೆಯೇ ಮಾತಿನ ಕೊನೆಯನ್ನು ಎಳೆಯುತ್ತಿತ್ತು. ಚೀಟಿಯಮ್ಮ ಶುರು ಮಾಡುವಷ್ಟರಲ್ಲಿ ಆಕೆಯೇ ತಡೆದರು.

“ಒಂದು ನಿಮಿಷ ಇರು ಮಗಳೇ. ಒಳಗೆ ಮೆಷಿನ್ ಮುಚ್ಚಳ ತೆಗೆದಿಟ್ಟು ಬಂದುಬಿಡ್ತೀನಿ.”

“ಆರಿಸಿ ಎಷ್ಟು ಹೊತ್ತಾಯ್ತಮ್ಮಾ?”

“ಆಯ್ತಲ್ಲ, ಒಂದು ಹದಿನೈದು ನಿಮಿಷ. ಹೆಚ್ಚುಕಮ್ಮಿ.”

ಚೀಟಿಯಮ್ಮನ ಬಾಯಿಂದ ಬಂದ ದನಿ ಅವಳಿಗೇ ಗುರುತು ಸಿಗಲಿಲ್ಲ. “ಮುಟ್ಟಬೇಡಿ. ಫೋನ್ ಇಡಬೇಡಿ. ಕುರ್ಚಿ ಎಳ್ಕೊಂಡು ನನ್ನ ಜೊತೆ ಮಾತಾಡ್ತಾ ಕೂತ್ಕೊಳ್ಳಿ. ನಾನು ಗಡಿಯಾರ ನೋಡ್ತಿರ್ತೀನಿ, ನಾನು ಹೇಳಿದಾಗ ಏಳಿ.”

ಅತ್ತ ಕುರ್ಚಿ ಎಳೆದ ಸದ್ದಾಯಿತು. ಆಕೆ ಕೂತರು. ಏನು ವಿಷಯ ಎಂದು ಕೇಳಿದರು. ಚೀಟಿಯಮ್ಮ ಹೇಳತೊಡಗಿದಳು, ಔಷಧಿ ಸೀಸೆಯಿಂದ ಹಿಡಿದು. ಹೇಳುತ್ತಲೇ ಕಣ್ಣು ಗಡಿಯಾರದ ಮೇಲಿತ್ತು, ಕೈ ಪಟ್ಟಿಯ ಮೇಲಿತ್ತು. ಇನ್ನೂ ಮೂವತ್ತು ಬಾಕಿ, ಪೆನ್ಸಿಲಿನ ಸುತ್ತು ಬೇರೆ. ಈ ಫೋನು ಇಡುವ ಹಾಗಿಲ್ಲ.

ಯಜಮಾನರು ಎದ್ದು ಬಂದರು. ಪಟ್ಟಿಯನ್ನು ಅವಳ ಕೈ ಕೆಳಗಿನಿಂದ ಎಳೆದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ತಮ್ಮ ಮೇಜಿನ ಫೋನಿನಲ್ಲಿ ಹನ್ನೆರಡನೆಯ ನಂಬರನ್ನು ಒಂದೊಂದಾಗಿ ಒತ್ತಿದರು. ಚೀಟಿಯಮ್ಮ ಮುದುಕಿಯೊಡನೆ ಮಾತು ನಿಲ್ಲಿಸಲಿಲ್ಲ. ಆ ಕಡೆಯ ಮೇಜಿನಿಂದ ಗಂಟೆ ಬಡಿಯುವ ಸದ್ದು ಅವಳಿಗೆ ಕೇಳಿಸುತ್ತಿತ್ತು. ಅದು ಬಡಿಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ.